ಮನೆಯ ಷೆಡ್ಡಿನಲ್ಲಿ ಪುಡಿಬಣ್ಣ

ಕಬ್ಬಿಣಕ್ಕೂ ತುಕ್ಕಿಗೂ ಇರುವ ನಂಟು ಬಹಳ ಹಳೆಯದು. ಆ ನಂಟನ್ನು ಬಿಡಿಸುವುದಕ್ಕೆಂದು ನಾವು ವರ್ಷ ವರ್ಷವೂ ಬಣ್ಣದ ಡಬ್ಬಿ ಕುಂಚಗಳನ್ನು ಹಿಡಿದು ನಿಲ್ಲುತ್ತೇವೆ. ನಿಮ್ಮ ಹಿತ್ತಲ ಬಾಗಿಲಿನ ಚಿಲಕವನ್ನೋ ಮಗನ ಸೈಕಲ್ಲಿನ ಕ್ಯಾರಿಯರನ್ನೋ ಒಮ್ಮೆ ನೋಡಿರಿ. ದೀಪಾವಳಿಗೆ ಬಳಿದ ಬಣ್ಣ ಯುಗಾದಿಯ ಹೊತ್ತಿಗೆ ಹಕ್ಕಳೆ ಎದ್ದಿರುತ್ತದೆ. ಅದೇ ಮನೆಯಲ್ಲಿ ಅಲ್ಯೂಮಿನಿಯಂ ಕಿಟಕಿಯ ಚೌಕಟ್ಟಿನ ಬಣ್ಣ ಹತ್ತು ಮಳೆಗಾಲ ಕಂಡರೂ ಅಲುಗಿರುವುದಿಲ್ಲ. ಕಾರಣವೇನು? ಅಂಥ ಚೌಕಟ್ಟಿಗೆ ಸಾಮಾನ್ಯವಾಗಿ ಹಚ್ಚುವುದು ದ್ರವಬಣ್ಣವಲ್ಲ, ಒಣ ಪುಡಿ. ಕಾರ್ಖಾನೆಯವರು ಇದನ್ನು ಪೌಡರ್ ಕೋಟಿಂಗ್ ಎನ್ನುತ್ತಾರೆ. ನನ್ನಂಥ ಕನ್ನಡದ ಮೇಷ್ಟರು ಅಂಗಡಿಗೆ ಹೋಗಿ ‘ಚೂರ್ಣಲೇಪನ’ ಎಂದು ಕೇಳಿದರೆ, ಆಯುರ್ವೇದದ ಅಂಗಡಿ ಎದುರು ಬೀದಿಯಲ್ಲಿದೆ ಎಂದು ಕೈ ತೋರಿಸಿಯಾರು. ಆದ್ದರಿಂದ ಸದ್ಯಕ್ಕೆ ಪುಡಿಬಣ್ಣವೆನ್ನೋಣ.

ಈ ಕೆಲಸ ಈಗ ಕಾರ್ಖಾನೆಯ ಗೋಡೆ ದಾಟಿ ಮನೆಗೂ ಬಂದಿದೆ. ಅಮೆರಿಕದಲ್ಲಿ ಮನೆಗೆ ಅಂಟಿದ ಗ್ಯಾರೇಜಿನಲ್ಲಿ ಹಳೆಯ ಕಾರು ಮೋಟಾರ್ ಸೈಕಲ್ಲುಗಳನ್ನು ಬಿಚ್ಚಿ ಹೊಸದು ಮಾಡುವ ಹವ್ಯಾಸ ಬಹಳ. ಅಂಥವರಿಗಾಗಿ ಅಲ್ಲಿ ಅಗ್ಗದ ಸಣ್ಣ ಗನ್ನುಗಳು ಹುಟ್ಟಿಕೊಂಡವು. ಇಂದು ಇಲ್ಲಿಯೂ ಅವನ್ನು ಮನೆಯಲ್ಲಿ ಕುಳಿತೇ ತರಿಸಿಕೊಳ್ಳಬಹುದು. ನನ್ನ ತಂಗಿಯ ಮಗ ಹಾಗೆ ಒಂದನ್ನು ತರಿಸಿ, ಸ್ಕೂಟರು ನಿಲ್ಲಿಸುವ ಷೆಡ್ಡನ್ನೇ ಕರ್ಮಶಾಲೆ ಮಾಡಿಕೊಂಡಿದ್ದಾನೆ. ಅವನ ಜೊತೆ ನಿಂತು ನೋಡಿದ್ದನ್ನೂ, ಶಾಲೆಯ ವಿಜ್ಞಾನದ ಉಪಾಧ್ಯಾಯರನ್ನು ಕೇಳಿ ತಿಳಿದದ್ದನ್ನೂ, ಅಂಥ ಸಾಮಗ್ರಿ ಕೊಳ್ಳಬೇಕೆಂದಿರುವ ನಿಮ್ಮ ಮುಂದೆ ಇಡುವುದು ನನ್ನ ಉದ್ದೇಶ.

ಇದರ ತತ್ತ್ವ ನಿಮಗೆ ಗೊತ್ತಿರುವಂಥದೇ. ಒಣಗಿದ ತಲೆಯನ್ನು ಬಾಚಿ, ಬಾಚಣಿಗೆಯನ್ನು ಕಾಗದದ ಚೂರಿನ ಬಳಿ ಹಿಡಿದರೆ ಚೂರು ಹಾರಿ ಅಂಟಿಕೊಳ್ಳುತ್ತದಷ್ಟೆ. ಹುಲ್ಲುಕಡ್ಡಿಯನ್ನು ಸೆಳೆಯುವ ರಾಳಕ್ಕೆ ಸಂಸ್ಕೃತದಲ್ಲಿ ತೃಣಮಣಿ ಎಂಬ ಹೆಸರೇ ಉಂಟು. ಗನ್ನಿನ ತುದಿಯಲ್ಲಿರುವ ಸೂಜಿಮೊನೆ ಪುಡಿಯ ಕಣಗಳಿಗೆ ಋಣ ವಿದ್ಯುತ್ತನ್ನು ತೊಡಿಸುತ್ತದೆ. ಭೂಮಿಗೆ ತಂತಿ ಕಟ್ಟಿ ತೂಗುಹಾಕಿದ ವಸ್ತು ಆ ಕಣಗಳನ್ನು ಸೆಳೆದುಕೊಳ್ಳುತ್ತದೆ. ಎದುರಿಗೆ ಎರಚಿದ ಪುಡಿ ಕೊಳವೆಯ ಹಿಂಬದಿಗೂ ಸುತ್ತಿ ಬಂದು ಕೂರುವುದನ್ನು ನೋಡುವುದೇ ಒಂದು ಚೆಂದ. ಬಳಿಕ ಅದನ್ನು ಬಿಸಿಗೆ ಒಡ್ಡಿದರೆ ಪುಡಿ ಕರಗಿ, ಹರಡಿ, ಬೆಂದು ಗಟ್ಟಿಯಾಗುತ್ತದೆ. 1950ರ ದಶಕದ ಆದಿಯಲ್ಲಿ ಜರ್ಮನಿಯ ಎರ್ವಿನ್ ಗೆಮ್ಮರ್ ಎಂಬಾತ ಕಾಯಿಸಿದ ಲೋಹವನ್ನು, ಗಾಳಿಯೂದಿ ನೀರಿನಂತೆ ಕುದಿಸಿದ ಪುಡಿಯ ತೊಟ್ಟಿಯಲ್ಲಿ ಅದ್ದುವ ಉಪಾಯ ಕಂಡುಹಿಡಿದ. ವಿದ್ಯುತ್ತಿನಿಂದ ಎರಚುವ ಪದ್ಧತಿ ಬಳಕೆಗೆ ಬಂದದ್ದು 1960ರ ದಶಕದಲ್ಲಿ.

ಹಿರಿಯರಿಗೆ ಕಲಾಯಿಯವನ ನೆನಪಿದ್ದೀತು. ಬೀದಿಯ ಮೂಲೆಯಲ್ಲಿ ಗುಳಿ ತೋಡಿ, ತಿದಿಯೊತ್ತಿ, ಕಾದ ಪಾತ್ರೆಗೆ ನವಸಾಗರ ಎರಚಿ, ತವರ ಸೋಕಿಸಿ, ಹತ್ತಿಯಿಂದ ಒಂದು ಸುತ್ತು ತಿರುವಿದನೆಂದರೆ ಪಾತ್ರೆಯೊಳಗೆ ಬೆಳ್ಳಿಯ ಬೆಳಕು. ತವರ ಕರಗುವುದು 232 ಡಿಗ್ರಿ ಸೆಂಟಿಗ್ರೇಡಿನಲ್ಲಿ. ಪುಡಿಬಣ್ಣ ಬೇಯುವುದು ಸಾಮಾನ್ಯವಾಗಿ 180ರಿಂದ 200 ಡಿಗ್ರಿಯಲ್ಲಿ. ಎರಡಕ್ಕೂ ಬಹಳ ದೂರವಿಲ್ಲ. ಆದರೆ ಒಂದು ಭೇದವುಂಟು. ತವರ ತುಪ್ಪದ ಹಾಗೆ, ಕರಗಿದ್ದು ಆರಿದರೆ ಹೆಪ್ಪುಗಟ್ಟುತ್ತದೆ, ಮತ್ತೆ ಕಾಯಿಸಿದರೆ ಮತ್ತೆ ಕರಗುತ್ತದೆ. ಪುಡಿಬಣ್ಣ ದೋಸೆಯ ಹಾಗೆ. ಒಮ್ಮೆ ಬೆಂದ ದೋಸೆ ಮತ್ತೆ ಹಿಟ್ಟಾಗುವುದಿಲ್ಲ. ಈ ದೋಸೆಯನ್ನು ನೆನಪಿನಲ್ಲಿಡಿರಿ, ಮುಂದೆ ಬೇಕಾಗುತ್ತದೆ.

ಈಗ ಅಗ್ಗದ ಗನ್ನಿನ ವಿಚಾರ. ಕಾರ್ಖಾನೆಯ ಗನ್ನಿನ ಮೊನೆಯಲ್ಲಿ 60 ಸಾವಿರದಿಂದ 1 ಲಕ್ಷ ವೋಲ್ಟಿನವರೆಗೆ ಒತ್ತಡವಿರುತ್ತದೆ; ಹವ್ಯಾಸಿಗಳ ಗನ್ನಿನಲ್ಲಿ ಸಾಮಾನ್ಯವಾಗಿ 10ರಿಂದ 25 ಸಾವಿರ. ಈ ಅಂತರವನ್ನು ಓದಿದ ಕೂಡಲೆ ಕೈ ತುರಿಸುವ ಜನ ಕೆಲವರಿದ್ದಾರೆ. ಪೆಟ್ಟಿಗೆ ಬಿಚ್ಚಿ ಒತ್ತಡ ಏರಿಸಿದರೆ ಹೇಗೆ ಎಂಬುದು ಅವರ ಮೊದಲ ಯೋಚನೆ. ಅದು ಕೂಡದು. ಆ ಪೆಟ್ಟಿಗೆಯೊಳಗೆ ವಿದ್ಯುತ್ ಪ್ರವಾಹವನ್ನು ಅತ್ಯಲ್ಪಕ್ಕೆ ಕಟ್ಟಿಹಾಕುವ ರೋಧಕಗಳಿರುತ್ತವೆ. ಸಾವಿರಾರು ವೋಲ್ಟಿದ್ದರೂ ಕೈಗೆ ಚುರುಕು ಮುಟ್ಟುವುದಷ್ಟೇ ಆಗಿ, ಪ್ರಾಣಕ್ಕೆ ಬಾರದೆ ಇರುವುದು ಅವುಗಳ ದೆಸೆಯಿಂದ. ಸುಧಾರಣೆ ಆಗಬೇಕಾದ್ದು ಗನ್ನಿನೊಳಗಲ್ಲ, ಅದರ ಸುತ್ತ. ಪಂಚಭೂತಗಳಲ್ಲಿ ಭೂಮಿ, ಗಾಳಿ, ಬೆಂಕಿ ಈ ಮೂರನ್ನು ಒಲಿಸಿಕೊಳ್ಳಬೇಕು, ನೀರನ್ನು ಹೊರಗಿಡಬೇಕು. ಇಷ್ಟು ಮಾಡಿದರೆ 15 ಸಾವಿರ ವೋಲ್ಟಿನ ಗನ್ನೇ ಮನೆಯ ಕೆಲಸಕ್ಕೆ ಧಾರಾಳ ಸಾಕು.

ಒಂದು ಮಾತು ಮೊದಲೇ ಹೇಳಬೇಕು. ಅಮೆರಿಕದವರಿಗೆಂದು ಮಾಡಿದ ಗನ್ನು 120 ವೋಲ್ಟಿನದು. ನಮ್ಮ ಮನೆಯದು 230. ಪೆಟ್ಟಿಗೆಯ ಮೇಲಿನ ಬರಹ ಓದದೆ ಪ್ಲಗ್ಗು ಚುಚ್ಚಿದರೆ ಒಂದು ಕ್ಷಣದಲ್ಲಿ ಹೊಗೆ. 230 ವೋಲ್ಟಿನದನ್ನೇ ಕೇಳಿ ಕೊಳ್ಳಿರಿ. ಇಲ್ಲವಾದರೆ ನಡುವೆ ಟ್ರಾನ್ಸ್‌ಫಾರ್ಮರ್ ಬೇಕು. ಆ ಟ್ರಾನ್ಸ್‌ಫಾರ್ಮರಿನ ಮೂಲಕ ಅರ್ಥ್ ತಂತಿಯೂ ಹಾದು ಬರುತ್ತದೆಯೇ ಎಂದು ನೋಡಬೇಕು.

ಈ ಅರ್ಥ್ ಎಂಬುದೇ ಇಡೀ ಕೆಲಸದ ಪ್ರಾಣ. ವಸ್ತು ಭೂಮಿಗೆ ಸರಿಯಾಗಿ ಕೂಡದಿದ್ದರೆ, ಬಂದ ವಿದ್ಯುತ್ತು ಹೋಗುವ ದಾರಿ ಕಾಣದೆ ವಸ್ತುವಿನ ಮೇಲೆಯೇ ನಿಲ್ಲುತ್ತದೆ. ಆಮೇಲೆ ಬರುವ ಪುಡಿಯನ್ನು ಹತ್ತಿರ ಸೇರಿಸುವುದಿಲ್ಲ. ಪುಡಿಯೆಲ್ಲ ನೆಲದ ಪಾಲು. ಅಷ್ಟೇ ಆದರೆ ನಷ್ಟ ದುಡ್ಡಿನದು. ಆದರೆ ಹಾಗೆ ನಿಂತ ವಿದ್ಯುತ್ತು ಯಾವಾಗಲಾದರೂ ಕಿಡಿಯಾಗಿ ಹಾರುತ್ತದೆ, ಹಾರುವುದು ಪುಡಿ ತುಂಬಿದ ಗಾಳಿಯಲ್ಲಿ. ನಮ್ಮ ಹುಡುಗನಿಗೆ ಮೊದಲ ವಾರ ಗನ್ನು ಹಿಡಿದಾಗಲೆಲ್ಲ ಬೆರಳಿಗೆ ಚಿಟಿಲ್ ಎನ್ನುತ್ತಿತ್ತು. “ಗನ್ನೇ ಸರಿಯಿಲ್ಲ ಮಾವ, ವಾಪಸು ಕಳಿಸುತ್ತೇನೆ” ಎಂದ. ವೈರ್‌ಮನ್ನನ್ನು ಕರೆಸಿ ನೋಡಿಸಿದರೆ, ಷೆಡ್ಡಿನ ಗೋಡೆಯಲ್ಲಿ ಮೂರು ತೂತಿನ ಪ್ಲಗ್ಗು ಇದ್ದದ್ದೇನೋ ನಿಜ, ಮೂರನೆಯ ತೂತಿನ ಹಿಂದೆ ತಂತಿಯೇ ಇರಲಿಲ್ಲ! ಹಳೆಯ ಮನೆಗಳಲ್ಲಿ ಇದೇನೂ ಅಪರೂಪವಲ್ಲ. ನಿಮ್ಮ ಮನೆಯಲ್ಲಿಯೂ ಒಮ್ಮೆ ನೋಡಿಸಿಬಿಡಿ. ಪುಡಿಬಣ್ಣ ಹಚ್ಚದವರಿಗೂ ಅದರಿಂದ ಉಪಕಾರವೇ. ಇದ್ದಿಲು ಉಪ್ಪು ತುಂಬಿ ಕೊಳವೆ ನೆಟ್ಟ ಹಳೆಯ ಅರ್ಥ್ ಗುಂಡಿಯಿದ್ದರೆ ಬೇಸಗೆಯಲ್ಲಿ ಅದಕ್ಕೆ ನೀರು ಹಾಕಬೇಕೆಂಬುದನ್ನು ಬಹಳ ಮನೆಗಳಲ್ಲಿ ಮರೆತೇಬಿಟ್ಟಿದ್ದಾರೆ.

ಗನ್ನಿನೊಡನೆ ಕೊಡುವ ಅರ್ಥ್ ತಂತಿ ಗಿಡ್ಡ, ಅದರ ಚಿಮುಟ ಸಡಿಲ. ಅದನ್ನು ಬಿಟ್ಟು ದಪ್ಪನೆಯ ತಾಮ್ರದ ತಂತಿಯನ್ನು ವಸ್ತು ತೂಗುವ ಸರಳಿಗೇ ಬೋಲ್ಟು ಹಾಕಿ ಬಿಗಿದು, ಮನೆಯ ಅರ್ಥ್‌ಗೆ ಜೋಡಿಸುವುದು ಮೊದಲ ಸುಧಾರಣೆ. ಖರ್ಚು ಅತಿ ಕಡಿಮೆ, ಫಲ ಅತಿ ಹೆಚ್ಚು. ಇನ್ನು ಕೊಕ್ಕೆಗಳು. ಪ್ರತಿ ಸಲವೂ ಕೊಕ್ಕೆಯ ಮೇಲೂ ಬಣ್ಣ ಕೂತು ಬೇಯುತ್ತದೆ. ಬೆಂದ ಬಣ್ಣ ವಿದ್ಯುತ್ತನ್ನು ಬಿಡುವುದಿಲ್ಲ. ನಾಲ್ಕನೆಯ ಸಲಕ್ಕೆ ನಿಮ್ಮ ಕೊಕ್ಕೆ ಕಬ್ಬಿಣದ್ದಾಗಿ ಕಂಡರೂ ಗುಣದಲ್ಲಿ ಪ್ಲಾಸ್ಟಿಕ್ಕೇ. ವಸ್ತು ತಾಗುವ ಕಡೆ ಉಪ್ಪುಕಾಗದದಿಂದ ಉಜ್ಜಿ ಲೋಹ ಕಾಣಿಸಿರಿ. ವಸ್ತುವಿಗೂ ಅರ್ಥ್‌ಗೂ ನಡುವಿನ ತಡೆ 1 ಮೆಗಾಓಮಿಗಿಂತ ಕಡಿಮೆಯಿರಬೇಕೆಂಬುದು ಕಾರ್ಖಾನೆಗಳ ನಿಯಮ. ಸಾಧಾರಣ ಮೀಟರು ಹಿಡಿದು ನೋಡಿದರೂ ಒಂದು ಅಂದಾಜು ಸಿಗುತ್ತದೆ. ಕೆಲಸ ನಿಲ್ಲಿಸಿದ ಮೇಲೆ ಗನ್ನಿನ ಮೊನೆಯನ್ನು ಅರ್ಥ್ ಸರಳಿಗೆ ಒಮ್ಮೆ ಮುಟ್ಟಿಸಿ ಕೆಳಗಿಡುವುದು ಒಳ್ಳೆಯ ಅಭ್ಯಾಸ.

ಗಾಳಿಯ ಮಾತಿಗೆ ಬರೋಣ. ಪುಡಿಯನ್ನು ದೂಡುವುದಕ್ಕೆ ಬೇಕಾದ ಗಾಳಿ ಸ್ವಲ್ಪವೇ. ಅಗ್ಗದ ಗನ್ನುಗಳಿಗೆ ಚದರ ಅಂಗುಲಕ್ಕೆ 5ರಿಂದ 10 ಪೌಂಡು ಒತ್ತಡ ಸಾಕು. ಕಂಪ್ರೆಸರಿನೊಡನೆ ಬರುವ ಮಾಪಕದಲ್ಲಾದರೋ 150ರವರೆಗೆ ಅಂಕಿ. ಅದರಲ್ಲಿ 5ನ್ನೂ 8ನ್ನೂ ಗುರುತಿಸುವುದು ಅಕ್ಕಿ ಮೂಟೆ ತೂಗುವ ತಕ್ಕಡಿಯಲ್ಲಿ ಏಲಕ್ಕಿ ತೂಗಿದ ಹಾಗೆ. 0ಯಿಂದ 30ರವರೆಗೆ ಮಾತ್ರ ಅಂಕಿಯಿರುವ ಸಣ್ಣ ಮಾಪಕವನ್ನೂ ನಿಯಂತ್ರಕವನ್ನೂ ಗನ್ನಿನ ಬುಡದಲ್ಲಿಯೇ ಕೂರಿಸಿದರೆ ಪುಡಿ ಭುಸ್ಸೆಂದು ಉಗುಳದೆ ಮೋಡದಂತೆ ತೇಲಿ ಬರುತ್ತದೆ.

ತೊಂದರೆ ಕೊಡುವುದು ನೀರು. ಒತ್ತಿ ಬಿಸಿಯಾದ ಗಾಳಿ ಆರುವಾಗ, ಬಿಸಿ ಪಾತ್ರೆಯ ಮುಚ್ಚಳದ ಒಳಗೆ ಹನಿ ಕಟ್ಟಿದಂತೆ, ತೇವವನ್ನು ಬಿಟ್ಟುಕೊಡುತ್ತದೆ. ಶ್ರಾವಣದಲ್ಲಿ ಮಂಗಳೂರಿನವರಿಗೂ ಮಲೆನಾಡಿನವರಿಗೂ ಇದನ್ನು ವಿವರಿಸಬೇಕಾದ್ದಿಲ್ಲ. ಅಲ್ಲಿ ಉಪ್ಪಿನ ಜಾಡಿಯೇ ಸಾಕ್ಷಿ. ತೇವ ಹೊಕ್ಕ ಪುಡಿ ಗಂಟುಕಟ್ಟುತ್ತದೆ, ಬಣ್ಣದಲ್ಲಿ ಸೂಜಿ ಚುಚ್ಚಿದಂಥ ತೂತುಗಳು ಏಳುತ್ತವೆ. ಉಪಾಯವಿಷ್ಟೆ: ಕಂಪ್ರೆಸರಿನಿಂದ ಹೊರಟ ಗಾಳಿ ಕೆಲವು ಅಡಿ ಲೋಹದ ಕೊಳವೆಯಲ್ಲಿ ಹಾದು ಆರಲಿ, ಬಳಿಕ ನೀರು ಹಿಡಿಯುವ ಬಟ್ಟಲನ್ನೂ, ಅದರಾಚೆ ಸಿಲಿಕಾ ಜೆಲ್ ಮಣಿ ತುಂಬಿದ ಕೊಳವೆಯನ್ನೂ ದಾಟಿ ಗನ್ನಿಗೆ ಬರಲಿ. ಬಣ್ಣ ಬದಲಾದ ಮಣಿಗಳನ್ನು ಹದವಾಗಿ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತವೆ. ಟ್ಯಾಂಕಿನ ತಳದ ತಿರುಪನ್ನು ದಿನವೂ ಸಡಿಲಿಸಿ ನೀರು ಬಿಡಬೇಕು. ಲೋಹದ ಕೊಳವೆಯ ಬದಲು ನಲ್ಲಿಗೆ ಹಾಕುವ ಪಿ.ವಿ.ಸಿ. ಪೈಪು ಹಾಕಿ ಉಳಿತಾಯ ಮಾಡುವವರುಂಟು. ಅದು ಒತ್ತಿದ ಗಾಳಿಗೆ ಸಿಡಿದು ಚೂರು ಚೂರಾಗಿ ಹಾರುತ್ತದೆ. ಕಣ್ಣಿಗಿಂತ ಪೈಪು ಅಗ್ಗವೆಂದು ತಿಳಿದವರು ಹಾಗೆ ಮಾಡಲಾರರು.

ಪುಡಿಯನ್ನು ಬಟ್ಟಲಿಗೆ ಹಾಕುವ ಮೊದಲು ಸಣ್ಣ ಜರಡಿಯಲ್ಲಿ ಒಮ್ಮೆ ಆಡಿಸಿರಿ. ವೈದ್ಯಗ್ರಂಥಗಳ ‘ವಸ್ತ್ರಗಾಲಿತ ಚೂರ್ಣ’ ಇಲ್ಲಿಗೂ ಒಪ್ಪುವ ಮಾತು. ಒಂದೊಂದು ಬಣ್ಣಕ್ಕೆ ಒಂದೊಂದು ಬಟ್ಟಲಿಟ್ಟುಕೊಂಡರೆ ತೊಳೆಯುವ ಕಷ್ಟವಿಲ್ಲ. ಬಿಳಿಯಲ್ಲಿ ನಾಲ್ಕು ಕಣ ಕಪ್ಪು ಬಿದ್ದರೂ ಬೆಂದ ಮೇಲೆ ಅವು ಕಣ್ಣಿಗೆ ಹೊಡೆಯುತ್ತವೆ.

ಹೊಸಬರನ್ನು ಅಳಿಸುವುದು ಒಳಮೂಲೆಗಳು. ಪೆಟ್ಟಿಗೆಯಂಥ ವಸ್ತುವಿನ ಅಂಚಿಗೆಲ್ಲ ದಪ್ಪನೆ ಪುಡಿ ಕೂತು, ಮೂಲೆ ಮಾತ್ರ ಬೋಳಾಗಿ ಉಳಿಯುತ್ತದೆ. ಲೋಹದ ಪಂಜರದ ಒಳಕ್ಕೆ ವಿದ್ಯುತ್ ಕ್ಷೇತ್ರ ಹೊಗುವುದಿಲ್ಲವೆಂದು 1836ರಲ್ಲಿ ಮೈಕೇಲ್ ಫ್ಯಾರಡೆ ತೋರಿಸಿದ್ದು ಇದನ್ನೇ. ಆಗ ಜನ ಮಾಡುವುದೇನು? ಗಾಳಿಯನ್ನು ಜೋರು ಮಾಡುತ್ತಾರೆ, ಕೂತದ್ದೂ ಹಾರಿಹೋಗುತ್ತದೆ. ಮಾಡಬೇಕಾದ್ದು ತಿರುವುಮುರುವು: ಗಾಳಿ ತಗ್ಗಿಸಿ, ಗನ್ನಿನಲ್ಲಿ ಎರಡು ಒತ್ತಡಗಳ ಏರ್ಪಾಡಿದ್ದರೆ ಕಡಿಮೆಯದನ್ನು ಹಾಕಿ, ಮೂಲೆಗಳನ್ನು ಮೊದಲು ಮುಗಿಸಿ ಬಯಲಿಗೆ ಆಮೇಲೆ ಬರುವುದು. ಹಾಗೆ ನೋಡಿದರೆ ಇಲ್ಲಿ ಬಡವನ ಗನ್ನಿನ ಕಡಿಮೆ ವೋಲ್ಟು ಒಂದು ಅನುಕೂಲವೇ. ಪದರ 60ರಿಂದ 80 ಮೈಕ್ರಾನು ದಪ್ಪವಿದ್ದರೆ ಸಾಕು, ಅಂದರೆ ಒಂದು ತಲೆಗೂದಲಿನಷ್ಟು. ಇನ್ನೂ ಇರಲಿ ಎಂದು ಎರಚುತ್ತ ಹೋದರೆ ಮೈ ಕಿತ್ತಳೆಯ ಸಿಪ್ಪೆಯಂತಾಗುತ್ತದೆ.

ಎಣ್ಣೆ ತುಕ್ಕು ತೆಗೆದು ಒಣಗಿಸುವುದನ್ನು ನಾನು ವಿಸ್ತರಿಸುವುದಿಲ್ಲ. ಕಲಾಯಿಯವನು ಎಷ್ಟು ಹೊತ್ತು ಪಾತ್ರೆ ಉಜ್ಜುತ್ತಿದ್ದ ಎಂಬುದನ್ನು ನೆನೆದರೆ ಸಾಕು. ಹಳೆಯ ಎರಕದ ವಸ್ತುವಾದರೆ ಪುಡಿ ಹಾಕುವ ಮೊದಲು ಒಮ್ಮೆ ಬರಿದೇ ಕಾಯಿಸಬೇಕು. ಅದರ ರಂಧ್ರಗಳಲ್ಲಿ ಅಡಗಿದ ಎಣ್ಣೆ ಹೊರಬೀಳಲಿ.

ಇನ್ನು ಬೆಂಕಿ. ಇಲ್ಲಿ ಮನೆಯಲ್ಲಿ ಜಗಳ ಹುಟ್ಟುತ್ತದೆ. ಅಡಿಗೆಮನೆಯ ವಿದ್ಯುತ್ ಓವನ್ನು ಕಣ್ಣಿಗೆ ಬಿದ್ದ ಕೂಡಲೆ ‘ಒಂದು ಸಲ’ ಎಂದು ಹುಡುಗರು ಬೇಡುತ್ತಾರೆ. ಒಂದು ಸಲವೂ ಕೊಡಬಾರದು. ಬೇಯುವ ಬಣ್ಣದಿಂದೆದ್ದ ಆವಿ ಓವನ್ನಿನ ಒಳಗೋಡೆಗೆ ಹತ್ತುತ್ತದೆ. ಅದರಲ್ಲಿ ಮತ್ತೆ ಆಹಾರ ಬೇಯಿಸುವುದು ಸಲ್ಲದು. ನನ್ನ ತಂಗಿ ಇದನ್ನು ನನಗಿಂತ ಚುಟುಕಾಗಿ ಹೇಳಿದಳು: “ಅದಕ್ಕೆ ಒಂದು ಸಲ ಮೈಲಿಗೆಯಾದರೆ ಯಾವ ನೀರಿಗೂ ಮಡಿಯಾಗುವುದಿಲ್ಲ ಕಣೋ.” ಹಳೆಯದೊಂದನ್ನು ಕೊಂಡು, ಷೆಡ್ಡಿಗೇ ಮೀಸಲಿಟ್ಟು, ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಿಸುವುದೇ ಸರಿ. ಗ್ಯಾಸಿನ ಒಲೆಯಂತೂ ಬೇಡವೇ ಬೇಡ. ಪುಡಿ ಹಾರುವ ಕಡೆ ಜ್ವಾಲೆಯಿರಕೂಡದು.

ಇಂಥ ಓವನ್ನಿನಲ್ಲಿ ತಂತಿ ಕೆಂಪಗೆ ಕಾದು ನೇರವಾಗಿ ವಸ್ತುವಿನ ಮೇಲೆ ಝಳ ಹೊಡೆಯುತ್ತದೆ. ಹತ್ತಿರದ ಬದಿ ಸೀದು ದೂರದ ಬದಿ ಹಸಿ. ತಂತಿಗೂ ವಸ್ತುವಿಗೂ ನಡುವೆ ಒಂದು ಉಕ್ಕಿನ ತಗಡನ್ನು ಅಡ್ಡ ನಿಲ್ಲಿಸಿದರೆ ಕಾವು ಸುತ್ತಿ ಬಂದು ಸಮನಾಗುತ್ತದೆ. ಎರಡನೆಯದು ಉಷ್ಣಮಾಪನ. ಓವನ್ನಿನ ಗುಂಡಿ 200 ಎಂದರೆ ಅದು ಗುಂಡಿಯ ಅಭಿಪ್ರಾಯ. ಗಾಳಿ 200 ಡಿಗ್ರಿಗೆ ಬಂದ ಎಷ್ಟೋ ಹೊತ್ತಿನ ಮೇಲೆ ದಪ್ಪ ಲೋಹ ಅಲ್ಲಿಗೆ ಬರುತ್ತದೆ. ಪುಡಿಯ ಚೀಟಿಯಲ್ಲಿ ‘200 ಡಿಗ್ರಿ, 10 ನಿಮಿಷ’ ಎಂದಿದ್ದರೆ ಆ ಹತ್ತು ನಿಮಿಷವನ್ನು ಲೋಹವೇ 200 ಮುಟ್ಟಿದಾಗಿನಿಂದ ಎಣಿಸಬೇಕು, ಬಾಗಿಲು ಹಾಕಿದಾಗಿನಿಂದಲ್ಲ. ಥರ್ಮೊಕಪ್ಲ್ ಎಂಬ ಜೋಡಿ ತಂತಿಯ ತುದಿಯನ್ನು ವಸ್ತುವಿಗೇ ತಾಗಿಸಿ ಅಳೆಯುವುದು ಸರಿಯಾದ ಕ್ರಮ. ದೂರದಿಂದ ಗುರಿಯಿಟ್ಟು ನೋಡುವ ಮಾಪಕ ಹೊಳೆಯುವ ಬರಿಯ ಲೋಹದ ಮೇಲೆ ಸುಳ್ಳು ಹೇಳುತ್ತದೆ.

ಪುಡಿ ಕರಗಿ ಹೊಳೆದದ್ದೇ ಬೆಂದದ್ದೆಂದು ತಿಳಿಯಬಾರದು. ಕರಗುವುದು ಬಹಳ ಕೆಳಗಿನ ಶಾಖದಲ್ಲಿಯೇ. ಅರ್ಧ ಬೆಂದ ದೋಸೆ ನಾಲಗೆಗೆ ಗೊತ್ತಾಗುತ್ತದೆ. ಅರ್ಧ ಬೆಂದ ಬಣ್ಣ ಕಣ್ಣಿಗೆ ಗೊತ್ತಾಗುವುದಿಲ್ಲ. ಅದೇ ಹೊಳಪು, ಅದೇ ನುಣುಪು. ತಿಂಗಳು ಕಳೆದ ಮೇಲೆ ಒಂದು ಕಲ್ಲು ತಾಗಿದರೆ ಪದರವೇ ಎದ್ದು ಬರುತ್ತದೆ. ಸಂದೇಹವಿದ್ದರೆ ಕಾಣದ ಜಾಗದಲ್ಲಿ ಅಸಿಟೋನಿನಲ್ಲಿ ತೋಯಿಸಿದ ಬಟ್ಟೆಯಿಂದ ಹತ್ತಾರು ಸಲ ಉಜ್ಜಿ ನೋಡಿರಿ. ಹೊಳಪು ಸ್ವಲ್ಪ ಮಾಸಿದರೆ ಚಿಂತೆಯಿಲ್ಲ. ಬಣ್ಣ ಮೆತ್ತಗಾಗಿ ಬಟ್ಟೆಗೆ ಬಂದರೆ ಬೇಯಲಿಲ್ಲವೆಂದೇ ಅರ್ಥ.

ಹಳೆಯ ಉಕ್ಕಿನ ಬೀರುವಿಗೆ ಶಾಖ ತಡೆಯುವ ಖನಿಜದ ಉಣ್ಣೆ ಹೊದಿಸಿ ದೊಡ್ಡ ಓವನ್ನು ಮಾಡಿಕೊಳ್ಳುವವರೂ ಇದ್ದಾರೆ. 3 ಕಿಲೋವಾಟಿನ ತಂತಿಗೆ 13 ಆಂಪಿಯರ್ ವಿದ್ಯುತ್ತು ಹರಿಯುತ್ತದೆ. 16 ಆಂಪಿಯರಿನ ಪ್ಲಗ್ಗು, ಅದಕ್ಕೇ ಬೇರೆ ಎಂ.ಸಿ.ಬಿ., ಜೊತೆಗೆ ಸೋರಿಕೆ ಕಂಡರೆ ಕಡಿದುಹಾಕುವ ಆರ್.ಸಿ.ಸಿ.ಬಿ. ಇಲ್ಲದೆ ಇದಕ್ಕೆ ಕೈ ಹಾಕಬಾರದು. ಶಾಖ ನಿಯಂತ್ರಿಸಲು ಹಾಕುವ ಸಾಲಿಡ್ ಸ್ಟೇಟ್ ರಿಲೇ ಎಂಬ ಸ್ವಿಚ್ಚಿಗೆ ಒಂದು ಕೆಟ್ಟ ಗುಣವುಂಟು: ಕೆಟ್ಟಾಗ ಅದು ಸಾಮಾನ್ಯವಾಗಿ ಮುಚ್ಚಿಕೊಂಡೇ ಕೆಡುತ್ತದೆ, ಅಂದರೆ ಓವನ್ನು ಆರುವುದೇ ಇಲ್ಲ, ಕಾಯುತ್ತಲೇ ಹೋಗುತ್ತದೆ. ಆದ್ದರಿಂದ ಮಿತಿ ಮೀರಿದರೆ ತಾನೇ ಕಡಿಯುವ ಇನ್ನೊಂದು ಸ್ವಿಚ್ಚನ್ನು ಬೇರೆಯಾಗಿ ಇಡತಕ್ಕದ್ದು. ಓವನ್ನು ಹಚ್ಚಿಟ್ಟು ಊಟಕ್ಕೆ ಹೋಗುವ ಪದ್ಧತಿ ಬೇಡ.

ಓವನ್ನಿಗೆ ಹಾಕಬಾರದವು ಕೆಲವಿವೆ. ಸೀಸ ತವರದ ಸಾಮಾನ್ಯ ಬೆಸುಗೆ 183 ಡಿಗ್ರಿಗೇ ಕರಗುವುದರಿಂದ ಅಂಥ ವಸ್ತು ಒಳಗೇ ಬಿಚ್ಚಿಕೊಳ್ಳುತ್ತದೆ. ಎಣ್ಣೆಯೋ ಅನಿಲವೋ ತುಂಬಿದ ಮೋಟಾರ್ ಸೈಕಲ್ಲಿನ ಷಾಕ್ ಅಬ್ಸಾರ್ಬರು ಬಾಂಬಿನಂತೆ ಸಿಡಿದೀತು. ಅಲ್ಯೂಮಿನಿಯಂ ಚಕ್ರಗಳು ಶಾಖದಿಂದ ಗಟ್ಟಿತನ ಕಳೆದುಕೊಳ್ಳುವ ಸಂಭವವಿರುವುದರಿಂದ, ಪ್ರಾಣವನ್ನು ಹೊತ್ತು ಓಡುವ ಅಂಥ ಭಾಗಗಳು ಮನೆಯ ಓವನ್ನಿನ ಪ್ರಯೋಗಕ್ಕಲ್ಲ. ಗೇಟು, ಕಿಟಕಿಯ ಗ್ರಿಲ್ಲು ಮೊದಲಾದ ದೊಡ್ಡ ವಸ್ತುಗಳಿಗೆ ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಆಳೆತ್ತರದ ಓವನ್ನುಗಳಿವೆ. ಅವನ್ನು ಅಲ್ಲಿಗೇ ಕಳಿಸುವುದು ಮೇಲು. ಚಿಲಕ, ತಿರುಗಣೆ, ಸೈಕಲ್ಲಿನ ಬಿಡಿಭಾಗ, ದೀಪದ ಕೈ ಇವು ನಮ್ಮ ಪಾಲು.

ಪುಡಿ ಹಾರುವ ಗಾಳಿಯ ವಿಷಯ ಆಗಲೇ ಸೂಚಿಸಿದೆ. ಹಿಟ್ಟಿನ ಗಿರಣಿಗಳಲ್ಲಿ ದೂಳು ಹತ್ತಿಕೊಂಡು ಸ್ಫೋಟಿಸುವುದುಂಟಲ್ಲ, ಇದೂ ಅದೇ ಜಾತಿ. ಘನ ಮೀಟರಿಗೆ ಕೆಲವು ಹತ್ತು ಗ್ರಾಂ ಪುಡಿ ತೇಲುತ್ತಿದ್ದರೆ ಒಂದು ಕಿಡಿ ಸಾಕು. ಬಾಗಿಲು ಕಿಟಕಿ ತೆರೆದಿಡಿರಿ. ಪುಡಿಯನ್ನು ಹೊರದೂಡಲೆಂದು ಸಾಧಾರಣ ಫ್ಯಾನನ್ನು ಅದರ ದಾರಿಯಲ್ಲಿ ನಿಲ್ಲಿಸಬೇಡಿರಿ. ಮನೆಯ ವ್ಯಾಕ್ಯೂಮ್ ಕ್ಲೀನರಿನಿಂದ ಪುಡಿ ಹೀರಬೇಡಿರಿ. ಅವುಗಳ ಮೋಟಾರಿನೊಳಗೆ ಕಿಡಿ ಏಳುತ್ತದೆ. ನೆಲವನ್ನು ಒದ್ದೆ ಬಟ್ಟೆಯಿಂದ ಒರಸುವುದು ಉತ್ತಮ. ಮೂಗಿಗೆ ಕರವಸ್ತ್ರ ಕಟ್ಟಿದರೆ ಸಾಲದು, ಎನ್-95 ದರ್ಜೆಯ ಮುಖವಾಡವಾದರೂ ಬೇಕು. ಕೆಲವು ಪುಡಿಗಳಲ್ಲಿ ಟಿ.ಜಿ.ಐ.ಸಿ. ಎಂಬ ಗಟ್ಟಿಕಾರಕವಿರುತ್ತದೆ. ಅದು ವಂಶವಾಹಿಗಳಿಗೆ ಕೇಡು ಮಾಡಬಲ್ಲದೆಂದು ಯೂರೋಪಿನಲ್ಲಿ ಎಚ್ಚರಿಕೆಯ ಚೀಟಿ ಹಚ್ಚಬೇಕೆಂಬ ನಿಯಮವಿದೆ. ಕೊಳ್ಳುವಾಗ ಅದಿಲ್ಲದ ಪುಡಿಯನ್ನೇ ಕೇಳಿರಿ.

ಉಳಿದ ಪುಡಿಯನ್ನು ಓವನ್ನಿನ ಮೇಲಿನ ಹಲಗೆಯಲ್ಲಿ ಇಡಬಾರದು. ಬಳ್ಳಾರಿ ರಾಯಚೂರುಗಳ ಬೇಸಗೆಯಲ್ಲಿ ತಗಡಿನ ಷೆಡ್ಡೂ ಬೇಡ, ಗಂಟುಕಟ್ಟಿ ಕೆಡುತ್ತದೆ. ಮನೆಯೊಳಗೆ ತಂಪಾದ, ಒಣಗಿದ, ಮಕ್ಕಳ ಕೈಗೆ ಎಟುಕದ ಜಾಗ ನೋಡಿ, ಬಂದ ಚೀಲದಲ್ಲಿಯೇ ಬಿಗಿದು ಕಟ್ಟಿ, ಹೆಸರು ಬರೆದಿಡಿರಿ. ಅಡಿಗೆಮನೆಯ ಹಳೆಯ ಡಬ್ಬಿಗೆ ತುಂಬಬೇಡಿರಿ. ಹಳದಿ ಪುಡಿ ನೋಡುವುದಕ್ಕೆ ಅರಿಸಿನದ ಹಾಗೆಯೇ ಇರುತ್ತದೆ, ಕೆಂಪು ಪುಡಿ ಕುಂಕುಮದ ಹಾಗೆ.